ದೀಪ ಹಾರಿದ ಪಾಠ

ಹಿಂದಿನ ಬೆಂಚಿನಲ್ಲಿ ಕೂತು ಬೇರೆಯವರು ಪಾಠ ಮಾಡುವುದನ್ನು ನೋಡುವುದು ನನ್ನ ಕೆಲಸ. ಕೇಳುವವರಿಗೆ ಹಾಯಾದ ಕೆಲಸ ಅನ್ನಿಸುತ್ತದೆ. ಎಂಟನೇ ತರಗತಿ ಮಕ್ಕಳ ಬೆಂಚಿನಲ್ಲಿ ಐವತ್ತು ದಾಟಿದ ಮಂಡಿ ಮಡಚಿಕೊಂಡು ಒಂದರ ಹಿಂದೆ ಒಂದು ಮೂರು ಪೀರಿಯಡ್ ಕೂತು ನೋಡಿ, ಆಮೇಲೆ ಮಾತಾಡೋಣ. ತುಮಕೂರಿನ ಒಂದು ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನ ಕಲಿಸುವುದನ್ನು ಕಲಿಸುವವಳು ನಾನು. ಆ ವರ್ಷ ನಮ್ಮ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ನೋಡಿ ಅಂಕ ಹಾಕಲು ನನ್ನ ಪಾಲಿಗೆ ಬಂದದ್ದು ಗುಬ್ಬಿಯ ಒಂದು ಹೈಸ್ಕೂಲು. ಅದು ಮುಗಿದ ಮೇಲೆ ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿಗೆ ಹತ್ತಿರದ ಒಂದು ಹಳ್ಳಿ ಶಾಲೆ.

ನನ್ನ ಕೈಯಲ್ಲಿ ಒಂದು ಹಾಳೆ ಇರುತ್ತದೆ, ಅದರಲ್ಲಿ ಹತ್ತು ಕಲಂ. ಪೀಠಿಕೆ, ಪ್ರಶ್ನೆ ಕೇಳುವ ರೀತಿ, ಉಪಕರಣ, ಬೋರ್ಡಿನ ಬರಹ ಹೀಗೆ ಸಾಗಿ, ಒಂಬತ್ತನೆಯದು ‘ಭಾಷೆ ಮತ್ತು ಉಚ್ಚಾರ’. ಒಂದೊಂದಕ್ಕೂ ಹತ್ತು ಅಂಕ. ಯಾವ ಕಲಮಿನಲ್ಲೂ ನಾಲ್ಕಕ್ಕಿಂತ ಕಡಿಮೆ ಬರುವಂತಿಲ್ಲ, ಬಂದರೆ ಆ ಪಾಠ ಲೆಕ್ಕಕ್ಕಿಲ್ಲ ಅನ್ನುವುದು ನಮ್ಮ ಕಾಲೇಜಿನ ನಿಯಮ. ಹಾಗೆ ಮೂರು ಪಾಠ ಬಿದ್ದುಹೋದರೆ ಕೊನೆಯ ಪರೀಕ್ಷಾ ಪಾಠಕ್ಕೆ ಕೂರುವ ಹಾಗಿಲ್ಲ, ಒಂದು ವರ್ಷ ಹೋಯಿತು ಅಂತಲೇ ಅರ್ಥ. ಹಾಳೆಯ ಜೊತೆಗೆ ನನ್ನ ಹತ್ತಿರ ಒಂದು ಕೆಂಪು ಪೆನ್ನೂ ಇರುತ್ತದೆ. ಹುಡುಗ ಹುಡುಗಿಯರು ನನ್ನ ಬೆನ್ನ ಹಿಂದೆ ಏನೆಂದು ಕರೆಯುತ್ತಾರೆ ಅಂತ ನನಗೆ ಗೊತ್ತು. ಕೆಂಪು ಪೆನ್ನು ಮೇಡಂ. ನನಗದು ಬೇಜಾರಿನ ವಿಷಯವೇನೂ ಆಗಿರಲಿಲ್ಲ, ಒಳಗೊಳಗೇ ಜಂಬವಿತ್ತು.

ಗುಬ್ಬಿಯಲ್ಲಿ ಮೊದಲ ದಿನ ಬೆಳೆಗಳ ಬಗ್ಗೆ ಪಾಠ ಮಾಡಿದವಳು ಮಾರ್ಕೋನಹಳ್ಳಿ ಕಡೆಯ ಹುಡುಗಿ. ಅಪ್ಪ ನಾಲೆ ನೀರಿನಲ್ಲಿ ಭತ್ತ ಬೆಳೆಯುವವರು. ಒಳ್ಳೆ ಗಂಟಲು, ಕಣ್ಣಲ್ಲೇ ಇಡೀ ಕ್ಲಾಸನ್ನು ಹಿಡಿದಿಡುವ ಕಲೆ. ಆದರೆ ಬಾಯಿ ತೆರೆದರೆ ಒಂದೇ ಒಂದು ‘ಹ’ ಇಲ್ಲ! “ಒಲಕ್ಕೆ ಅಸಿರು ಗೊಬ್ರ ಆಕ್ತೀವಿ,” ಅಂದಳು. “ಉಳ ಬಿದ್ರೆ ಔಸ್ದಿ ಒಡೀತೀವಿ,” ಅಂದಳು. ನಾನು ಹಾಳೆಯ ಅಂಚಿನಲ್ಲಿ ಗೀಟು ಎಳೆಯುತ್ತಾ ಹೋದೆ. ಪೀರಿಯಡ್ ಮುಗಿಯುವ ಹೊತ್ತಿಗೆ ಇಪ್ಪತ್ತಮೂರು ಗೀಟು. ಒಂಬತ್ತನೇ ಕಲಮಿನಲ್ಲಿ ಮೂರು ಅಂಕ ಹಾಕಿ, ಕೆಳಗೆ ಕೆಂಪಿನಲ್ಲಿ ಬರೆದೆ: ‘ಹಕಾರ ಲೋಪ. ಇಪ್ಪತ್ತಮೂರು ಕಡೆ.’ ಅಡಿಗೆರೆಯನ್ನೂ ಎಳೆದೆ.

ಅವಳು ಹಾಳೆ ನೋಡಿದಳು. “ಮೇಡಂ, ಇಷ್ಟೊಂದಾ?”

“ಎಣಿಸಿ ಬರೆದಿದ್ದೀನಮ್ಮ. ಮುಂದಿನ ವಾರದೊಳಗೆ ಸರಿ ಮಾಡ್ಕೊ.”

ಸರಿ ಮಾಡಿಕೊಳ್ಳುವುದು ಹೇಗೆ ಅಂತ ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೂ ಇಲ್ಲ ನೋಡಿ, ಮೂವತ್ತು ವರ್ಷದಿಂದ ಕಲಿಸುವುದನ್ನು ಕಲಿಸುವವಳಿಗೆ!

ಮುಂದಿನ ವಾರ ಅವಳದ್ದು ದಹನದ ಪಾಠ. ಮೇಜಿನ ಮೇಲೆ ಮೇಣದ ಬತ್ತಿ, ಗಾಜಿನ ಲೋಟ, ಬೆಂಕಿಪೊಟ್ಟಣ ಎಲ್ಲಾ ಒಪ್ಪವಾಗಿ ಇಟ್ಟಿದ್ದಳು. ಚಾಕ್‌ಪೀಸ್ ಹಿಡಿದು ಮಕ್ಕಳ ಕಡೆ ತಿರುಗಿ, “ಮಕ್ಕಳೇ, ಈಗ ಹೊಂದು ಪ್ರಯೋಗ ಮಾಡೋಣ,” ಅಂದಳು.

ನನ್ನ ಕಿವಿ ನೆಟ್ಟಗಾಯಿತು. ಹೊಂದು ಪ್ರಯೋಗ?

“ಬತ್ತಿ ಹುರಿಯಲು ಹಾಮ್ಲಜನಕ ಬೇಕು. ಹುರಿದಾಗ ಹಿಂಗಾಲದ ಡೈಆಕ್ಸೈಡ್ ಬರುತ್ತದೆ.”

ಅಯ್ಯೋ ದೇವರೇ. ಇಲ್ಲದ ಕಡೆಯೆಲ್ಲ ‘ಹ’ ಬಂದು ಕೂತುಬಿಟ್ಟಿತ್ತು. ಯಾವ ಮಾತಿಗೆ ‘ಹ’ ಉಂಟು, ಯಾವುದಕ್ಕೆ ಇಲ್ಲ ಅಂತ ಗೊತ್ತಾಗದೆ, ಯಾವುದಕ್ಕೂ ಇರಲಿ ಅಂತ ಎಲ್ಲದಕ್ಕೂ ಅಂಟಿಸಿಕೊಂಡು ಬಂದಿದ್ದಳು ಹುಡುಗಿ. ಗುಬ್ಬಿ ಪೇಟೆಯ ಮಕ್ಕಳು ಬಿಡುತ್ತಾರೆಯೇ? ಮುಂದಿನ ಬೆಂಚಿನ ಒಂದು ಹುಡುಗಿ ಎದ್ದು ನಿಂತು ಬಹಳ ವಿನಯದಿಂದ ಕೇಳಿತು: “ಮಿಸ್, ಯಾವುದ್ರ ಹಿಂಗಾಲು? ಎಮ್ಮೇದಾ, ಹಸೂದಾ?”

ಕ್ಲಾಸು ಗೊಳ್ಳೆಂದಿತು. ಅವಳಿಗೆ ಏನು ತಪ್ಪಾಯಿತೆಂದೇ ಗೊತ್ತಾಗಲಿಲ್ಲ. ಗಡಿಬಿಡಿಯಲ್ಲಿ ಬತ್ತಿಯ ಮೇಲೆ ಲೋಟ ಮುಚ್ಚಿದಳು. ಜ್ವಾಲೆ ಸಣ್ಣಗಾಯಿತು, ನಂದಿತು. “ನೋಡಿ ಮಕ್ಕಳೇ, ದೀಪ ಹಾರಿತು!” ಅಂದಳು. ಹಿಂದಿನ ಸಾಲಿನ ಇಬ್ಬರು ತಲೆಯೆತ್ತಿ ಸೂರು ನೋಡಿದರು. ಇನ್ನೊಬ್ಬ ಕಿಟಕಿಯಾಚೆ ಕೈ ತೋರಿಸಿ, “ಅಗೋ ಅಲ್ಲಿ ಹೋಯ್ತು ಕಣೋ!” ಅಂದ.

ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಹಾಳೆಯನ್ನು ಮುಖಕ್ಕೆ ಹಿಡಿದುಕೊಂಡು ಭುಜ ಕುಣಿಯುವಷ್ಟು ನಕ್ಕೆ. ಹಾಳೆ ಇಳಿಸಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಚಾಕ್‌ಪೀಸ್ ಎರಡು ತುಂಡಾಗಿತ್ತು. ಆವತ್ತು ಎರಡು ಅಂಕ ಹಾಕಿದೆ. ಲೆಕ್ಕಕ್ಕೆ ಸಿಗದ ಎರಡನೇ ಪಾಠ.

ಮೂರನೇ ಪಾಠದಲ್ಲಿ ಅವಳು ಮಾತನ್ನೇ ಬಿಟ್ಟಳು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುವುದು, ಬೆರಳು ತೋರಿಸುವುದು, “ಓದಿ” ಅನ್ನುವುದು. ‘ಓದಿ’ ಅನ್ನುವ ಮುಂಚೆಯೂ ಒಂದು ಗಳಿಗೆ ಯೋಚಿಸುತ್ತಿದ್ದಳು, ಅದಕ್ಕೂ ‘ಹ’ ಇರಬಹುದೇನೋ ಅಂತ. ಬೆಲ್ ಹೊಡೆದಾಗ ನಾನು ಅಂಕ ಬರೆಯದೆ ಹಾಳೆ ಮಡಚಿಟ್ಟೆ. ಬರೆದಿದ್ದರೆ ಅಲ್ಲಿಗೆ ಮೂರಾಗುತ್ತಿತ್ತು, ಅವಳ ವರ್ಷ ಮುಗಿಯುತ್ತಿತ್ತು.

ಹೊರಗೆ ಜಗಲಿಯಲ್ಲಿ ಅವಳೇ ಬಂದಳು. “ಮೇಡಂ, ನಾನು ಬಿಟ್ಬುಡ್ತೀನಿ ಅಂತಿದೀನಿ.”

“ಏನನ್ನ?”

“ಬಿ.ಎಡ್.ನ. ಮನೇಲಿ ಎರಡ್ ವರ್ಸ ಅಂತ ಒಪ್ಸಿ ಬಂದಿದೀನಿ. ಮೂರ್ನೇ ವರ್ಸ ಕೇಳೋ ಬಾಯಿ ನಂಗಿಲ್ಲ ಮೇಡಂ. ಫೇಲಾಗೋಕ್ ಮುಂಚೆ ನಾನೇ ಬಿಟ್ಟೋದ್ರೆ ಒಸಿ ಮರ್ವಾದೆ ಉಳ್ಕತ್ತದೆ.”

“ತಲೆಹರಟೆ ಮಾತಾಡಬೇಡ. ಮುಂದಿನ ವಾರದಿಂದ ನಿಮ್ಮೂರ ಕಡೆ ಶಾಲೆ. ಅಲ್ಲಿ ನೋಡೋಣ,” ಅಂತ ಗದರಿಸಿ ಕಳಿಸಿದೆ. ಗದರಿಸುವುದು ನನಗೆ ಸುಲಭ.

ಆ ವಾರ ತುಮಕೂರಿನ ಮರಳೂರು ಬಡಾವಣೆಯ ನನ್ನ ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಾಕೆಂದರೆ ಒಂದು ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾನೂ ಗುಬ್ಬಿ ಕಡೆಯ ಹಳ್ಳಿಯವಳೇ. ನನ್ನ ಬಾಯಲ್ಲೂ ‘ಹ’ ಇರಲಿಲ್ಲ. ನಾನು ಟ್ರೈನಿಂಗಿಗೆ ಸೇರಿದ ಮೊದಲ ದಿನ ಎದ್ದು ನಿಂತು, “ನಮ್ಮೂರು ಒಸಳ್ಳಿ, ನಂಗೆ ಆಡು ಅಂದ್ರೆ ಇಷ್ಟ,” ಅಂದಿದ್ದೆ. ಹಾಡು ಅನ್ನಬೇಕಾಗಿತ್ತು. ವರ್ಷವಿಡೀ ನನ್ನನ್ನು ಕಂಡಾಗಲೆಲ್ಲ ಗೆಳತಿಯರು ‘ಮೇ ಮೇ’ ಅಂದರು. ಆಮೇಲೆ ನಾಲಗೆಗೆ ಕಾವಲು ಕೂರಿಸಿದೆ. ಈಗಲೂ ಸಿಟ್ಟು ನೆತ್ತಿಗೇರಿದಾಗ, ಇಲ್ಲವೇ ಸಂತೋಷ ಉಕ್ಕಿದಾಗ ಆ ಕಾವಲು ತಪ್ಪುತ್ತದೆ. ಅದಕ್ಕೇ ಕಾಲೇಜಿನಲ್ಲಿ ನಾನು ಸಂತೋಷಪಡುವುದು ಕಡಿಮೆ. ಜನ ಅದನ್ನು ಗಾಂಭೀರ್ಯ ಅಂದುಕೊಂಡಿದ್ದಾರೆ.

ಮುಂದಿನ ಸೋಮವಾರ ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ಆ ಹಳ್ಳಿ ಶಾಲೆ ಸೇರಿದಾಗ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಗೇಟಿನ ಪಕ್ಕದ ತೊಟ್ಟಿಯ ಹತ್ತಿರ ಹತ್ತು ಹನ್ನೆರಡು ಮಕ್ಕಳು ಮುತ್ತಿಕೊಂಡಿದ್ದರು. ನಡುವೆ ಅವಳು, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಪೈಪು. ಪೈಪಿನ ಒಂದು ತುದಿ ತೊಟ್ಟಿಯ ನೀರಿನಲ್ಲಿತ್ತು, ಇನ್ನೊಂದು ತೊಟ್ಟಿಯ ಗೋಡೆ ಹತ್ತಿ ಇಳಿದು ಕೆಳಗಿನ ಹೂಗಿಡದ ಪಾತಿಯಲ್ಲಿ. ನೀರು ತಾನಾಗಿ ಗೋಡೆ ಏರಿ ಇಳಿದು ಸುರಿಯುತ್ತಿತ್ತು. ನಾನು ಹುಣಸೆ ಮರದ ಮರೆಯಲ್ಲೇ ನಿಂತೆ.

“ನೋಡ್ರಲಾ, ನೀರು ಮ್ಯಾಕ್ಕೆ ಅತ್ತುತ್ತಾ ಐತೆ. ನಮ್ ಡ್ಯಾಮಲ್ಲಿ ತುಂಬುದ್ ನೀರು ತಾನೇ ಅತ್ತಿ ಆಚೀಕೆ ಬೀಳಲ್ವಾ, ಅಂಗೇಯ. ಯಾರು ಎಳೀತಾವ್ರೆ ಇದ್ನ?”

“ಕೆಳೀಕ್ ಬೀಳೋ ನೀರು ಎಳ್ಕತದೆ ಮಿಸ್!”

“ಎಳೀಯಾಕೆ ನೀರಿಗೇನ್ ಕೈ ಐತೇನೇ?”

ಮಕ್ಕಳು ನಕ್ಕರು, ಯೋಚಿಸಿದರು. ಒಂದು ಪುಟ್ಟ ಹುಡುಗಿ ತೊಟ್ಟಿಯ ನೀರಿನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ, “ಇಂದ್ಲಿಂದ ಗಾಳಿ ನೂಕ್ತದಾ ಮಿಸ್?” ಅಂದಳು.

“ನೂಕ್ತದೆ ಅಂತೀಯಾ? ಎಂಗ್ ನೋಡೋದು? ಪೈಪಿಗೆ ನೆತ್ತಿ ಮೇಲೆ ಒಂದು ತೂತು ಆಕುದ್ರೆ ಏನಾಗ್ಬೋದು, ಏಳಿ!”

ಒಬ್ಬ ಸೂಜಿ ತರಲು ಓಡಿದ. ನಾನು ಮರದ ಹಿಂದೆ ಬಾಯಿ ತೆರೆದುಕೊಂಡು ನಿಂತಿದ್ದೆ. ಉತ್ತರ ಹೇಳದೆ ಪ್ರಶ್ನೆಯಿಂದ ಪ್ರಶ್ನೆಗೆ ಮಕ್ಕಳನ್ನು ಏರಿಸಿಕೊಂಡು ಹೋಗುವುದನ್ನು ನಾನು ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ಹೀಗೆ ಮಾಡುವವರನ್ನು ನೋಡಿದ್ದು ಅಪರೂಪ. ಇವಳಿಗೆ ನಾನು ‘ಪ್ರಶ್ನೆ ಕೇಳುವ ರೀತಿ’ ಕಲಮಿನಲ್ಲಿ ಏನು ಹಾಕಿದ್ದೆ ಅಂತ ನೆನಪಿಸಿಕೊಂಡೆ. ಐದು. ಗೀಟು ಎಣಿಸುವ ಭರಾಟೆಯಲ್ಲಿ ಅವಳ ಪ್ರಶ್ನೆಗಳನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅಲ್ಲೇ ನಿಂತು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಗುಬ್ಬಿಯ ಎರಡು ಪಾಠಗಳನ್ನು ಅವಳಿಂದ ಮತ್ತೆ ಮಾಡಿಸಬೇಕು, ಮೂರನೆಯದಕ್ಕೆ ನಾನು ಅಂಕ ಹಾಕಿಲ್ಲ, ಅದನ್ನೂ ಸೇರಿಸಿ ಅಂದೆ.

“ಒಬ್ಬ ಹುಡುಗಿಗೋಸ್ಕರ ಇಷ್ಟೊಂದು ಓಡಾಟ ಯಾಕೆ ಮೇಡಂ? ರೂಲ್ಸ್ ಮಾಡಿದೋರೇ ನೀವು.”

“ಮರುಪಾಠಕ್ಕೂ ರೂಲ್ಸಲ್ಲಿ ಅವಕಾಶ ಇದೆ ಸಾರ್. ಮೌಲ್ಯಮಾಪಕರ ತಪ್ಪಿದ್ದರೆ ಮಾಡಿಸಬಹುದು ಅಂತ.”

“ತಪ್ಪು ಯಾರದು?”

“ನಂದು. ಬರೆದುಕೊಡ್ತೀನಿ.”

“ಮೇಡಂ, ಹುಷಾರಾಗಿದೀರಾ ತಾನೇ?” ಅಂದರು ಪ್ರಿನ್ಸಿಪಾಲರು, ಆಮೇಲೆ ಒಪ್ಪಿದರು.

ಊಟದ ಬಿಡುವಿನಲ್ಲಿ ಅವಳನ್ನು ಲ್ಯಾಬ್ ಅಂತ ಕರೆಸಿಕೊಳ್ಳುವ ಒಂದು ಸಣ್ಣ ಕೋಣೆಗೆ ಕರೆದೆ. ಅವಳ ಕಿಟ್ಟಿನಲ್ಲಿ ಹುಟ್ಟುಹಬ್ಬದ ಕೇಕಿಗೆ ಚುಚ್ಚುವಂಥ ಸಣ್ಣ ಮೇಣದ ಬತ್ತಿಗಳಿದ್ದವು. ಒಂದನ್ನು ಹಚ್ಚಿ ಅವಳ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದೆ. ನನ್ನ ಕಾಲದಲ್ಲಿ ನಾನು ಅಂಗೈ ಹಿಡಿದು ಕಲಿತಿದ್ದೆ. ‘ಹ’ ಅಂದರೆ ಅಂಗೈಗೆ ಉಸಿರು ಬಡಿಯುತ್ತದೆ, ‘ಅ’ ಅಂದರೆ ಇಲ್ಲ. ಬತ್ತಿಯಾದರೆ ಕಣ್ಣಿಗೇ ಕಾಣುತ್ತದೆ.

“ಅಕ್ಕಿ ಅನ್ನು.” ಜ್ವಾಲೆ ಅಲುಗಲಿಲ್ಲ.

“ಹಕ್ಕಿ ಅನ್ನು.” ಜ್ವಾಲೆ ಬಳುಕಿತು. ಅವಳ ಕಣ್ಣು ಅರಳಿದವು.

“ಈಗ ಆರು ಅನ್ನು. ಆಮೇಲೆ ಹಾರು ಅನ್ನು, ಜೋರಾಗಿ.”

“ಆರು,” ಅಂದಳು. ಏನೂ ಆಗಲಿಲ್ಲ. “ಹಾರು!” ಅಂದಳು. ಬತ್ತಿ ಪುಸ್ಸನೆ ನಂದಿತು.

ಅವಳು ಕಿಸಕ್ಕನೆ ನಕ್ಕಳು. “ಇದೇನ್ ಮೇಡಂ! ಆರು ಅಂದ್ರೆ ಆರಲ್ಲ, ಹಾರು ಅಂದ್ರೆ ಆರೋಯ್ತದೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೆಡ್ ಮಾಸ್ಟರು ಬಾಗಿಲಲ್ಲಿ ಇಣುಕಿ, ಬೆಂಕಿ ಜೋಪಾನ ಅಂತ ಹೇಳಿ ಹೋದರು. ಆಮೇಲೆ ಅವಳ ಪಾಠದ ಟಿಪ್ಪಣಿ ತೆಗೆದು, ಅದರಲ್ಲಿ ಬರುವ ‘ಹ’ದ ಮಾತುಗಳ ಪಕ್ಕ ಮಾತ್ರ ಪೆನ್ಸಿಲಿನಿಂದ ಒಂದೊಂದು ಪುಟ್ಟ ಜ್ವಾಲೆ ಬರೆದೆವು. ಜ್ವಾಲೆ ಇಲ್ಲದ ಕಡೆ ‘ಹ’ ಇಲ್ಲ, ಅಷ್ಟೇ ಲೆಕ್ಕ. ಒಂದು ಪಾಠಕ್ಕೆ ನಲವತ್ತು ಮಾತಿರಲಿಲ್ಲ. ಇದನ್ನು ಮೊದಲ ದಿನವೇ ಮಾಡಬಹುದಾಗಿತ್ತು.

ಅವಳಿಗೆ ಇನ್ನೂ ಒಂದು ಮಾತು ಹೇಳಿದೆ: “ಬೆಳಿಗ್ಗೆ ತೊಟ್ಟಿ ಹತ್ತಿರ ಮಾಡಿದೆಯಲ್ಲ, ಅದು ಪಾಠ. ಅದನ್ನೇ ಒಳಗೆ ಮಾಡು. ‘ಹ’ ಬಂದರೆ ಬರಲಿ, ತಪ್ಪಿದರೆ ತಪ್ಪಲಿ, ನಿಲ್ಲಿಸಬೇಡ.”

“ನೋಡುದ್ರಾ ಮೇಡಂ?” ಅಂತ ಸೆರಗು ಸರಿಮಾಡಿಕೊಂಡಳು.

ಆ ಹಳ್ಳಿ ಶಾಲೆಯಲ್ಲೇ ನಡೆದ ಮರುಪಾಠಗಳಿಗೆ ನಾನು ಕೆಂಪು ಪೆನ್ನು ಒಯ್ಯಲಿಲ್ಲ. ಹಿಂದಿನ ಬೆಂಚು ಬಿಟ್ಟು ಮೂರನೇ ಸಾಲಿನಲ್ಲಿ ಮಕ್ಕಳ ನಡುವೆ ಕೂತೆ. ಹಾಳೆಯ ಹಿಂಬದಿಯಲ್ಲಿ ಅವಳ ಮಾತಿನ ಬದಲು ಮಕ್ಕಳ ಮಾತು ಬರೆದುಕೊಂಡೆ. ಮೊದಲ ಮರುಪಾಠ ಅಷ್ಟಕ್ಕಷ್ಟೆ. ಮಾತು ಮಾತಿಗೂ ಟಿಪ್ಪಣಿ ನೋಡಿ ಜ್ವಾಲೆ ಹುಡುಕಿ ಮಾತಾಡುತ್ತಿದ್ದಳು, ಮಕ್ಕಳು ಆಕಳಿಸಿದರು. ಮಕ್ಕಳ ಮಾತು ನಾಲ್ಕೇ ಸಾಲು ಸಿಕ್ಕಿತು. ಎರಡನೆಯದರಲ್ಲಿ ಅರ್ಧ ಹಾಳೆ ತುಂಬಿತು. ಮೂರನೆಯದರಲ್ಲಿ ಟಿಪ್ಪಣಿ ಮೇಜಿನ ಮೇಲೇ ಉಳಿಯಿತು, ನನಗೆ ಇನ್ನೊಂದು ಹಾಳೆ ಬೇಕಾಯಿತು. ‘ಹ’ ಆರೇಳು ಕಡೆ ತಪ್ಪಿತ್ತು. ಭಾಷೆಗೆ ಆರು ಹಾಕಿದೆ. ಪ್ರಶ್ನೆಗೆ ಒಂಬತ್ತು. ಎಲ್ಲ ಪಾಠವೂ ಲೆಕ್ಕಕ್ಕೆ ಸಿಕ್ಕಿತು.

ಪರೀಕ್ಷಾ ಪಾಠ ತುಮಕೂರಿನ ಒಂದು ಹೈಸ್ಕೂಲಿನಲ್ಲಿ. ಬೇರೆ ಜಿಲ್ಲೆಯಿಂದ ಬಂದ ಪರೀಕ್ಷಕರು ಬಿಳಿ ಅಂಗಿಯ, ನಗು ಕಾಣದ ಹಿರಿಯರು. ಪಾಠದ ವಿಷಯವನ್ನು ಅವರೇ ಚೀಟಿ ಎತ್ತಿಸಿ ಕೊಡುತ್ತಿದ್ದರು. ಕ್ಲಾಸಿನಲ್ಲಿ ಹತ್ತು ನಿಮಿಷ ಕೂತು, ಬೆರಳೆತ್ತಿ ಸಾಕೆಂದು ತೋರಿಸಿ, ಮುಂದಿನ ಕೋಣೆಗೆ ಹೋಗುವುದು ವಾಡಿಕೆ. ನನ್ನ ಹುಡುಗಿಗೆ ಬಂದ ಚೀಟಿ ದಹನ. ಅವಳು ಓದಿ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ, ನನ್ನ ಮುಖದಲ್ಲಿ ಧೈರ್ಯವೇನೂ ಇರಲಿಲ್ಲ.

ಚೆನ್ನಾಗಿಯೇ ಶುರುಮಾಡಿದಳು. ಆಮ್ಲಜನಕ ಆಮ್ಲಜನಕವಾಗಿಯೇ ಬಂತು. ಇಂಗಾಲಕ್ಕೆ ಕಾಲು ಬರಲಿಲ್ಲ. ನಾನು ಉಸಿರು ಬಿಟ್ಟೆ. ಬತ್ತಿ ಹಚ್ಚಿದಳು, ಲೋಟ ಮುಚ್ಚಿದಳು, ಮಕ್ಕಳು ಕತ್ತು ಚಾಚಿದರು, ಜ್ವಾಲೆ ನಂದಿತು. ಅವಳು ಉತ್ಸಾಹದಿಂದ, “ನೋಡಿ, ದೀಪ ಹಾರಿತು!” ಅಂದುಬಿಟ್ಟಳು.

ಮುಂದಿನ ಸಾಲಿನ ಹುಡುಗಿಯೊಬ್ಬಳು ತಕ್ಷಣ, “ಮಿಸ್, ಹಾರ್ಕೊಂಡು ಎಲ್ಲಿಗೋಯ್ತು?” ಅಂದಳು. ಕ್ಲಾಸು ನಕ್ಕಿತು. ಪರೀಕ್ಷಕರು ತಲೆಯೆತ್ತಿದರು. ಅವರ ಪೆನ್ನು ಹಾಳೆಯ ಮೇಲೆ ನಿಂತಿತ್ತು.

ಈ ಸಲ ಅವಳ ಕೈಯ ಚಾಕ್‌ಪೀಸ್ ತುಂಡಾಗಲಿಲ್ಲ. ಅವಳೂ ನಕ್ಕಳು. “ಅಯ್ಯೋ, ಆರಿತು ಅನ್ನಬೇಕಿತ್ತು ಅಲ್ವಾ? ಬಾ ಇಲ್ಲಿ ನೀನು,” ಅಂತ ಆ ಹುಡುಗಿಯನ್ನೇ ಕರೆದು, ಇನ್ನೊಂದು ಸಣ್ಣ ಬತ್ತಿ ಹಚ್ಚಿ ಅವಳ ಬಾಯಿಯ ಮುಂದೆ ಹಿಡಿದಳು. “ಆರು ಅನ್ನು.” ಬತ್ತಿ ಹಾಗೇ ಇತ್ತು. “ಹಾರು ಅನ್ನು, ಗಟ್ಟಿಯಾಗಿ.” ಬತ್ತಿ ನಂದಿತು. ಇಡೀ ಕ್ಲಾಸು ‘ಹೋ’ ಅಂದಿತು.

“ಈಗ ಹೇಳಿ. ಲೋಟ ಮುಚ್ಚಿದಾಗಲೂ ಆರಿತು. ಇವಳು ಉಸಿರು ಬಿಟ್ಟಾಗಲೂ ಆರಿತು. ಎರಡಕ್ಕೂ ಕಾರಣ ಒಂದೇನಾ?”

“ಒಂದೇ ಮಿಸ್!” “ಇಲ್ಲ ಮಿಸ್!” ಅಂತ ಎರಡು ಪಾರ್ಟಿ ಆಯಿತು. ಲೋಟದೊಳಗೆ ಆಮ್ಲಜನಕ ಸಾಲದಾಯಿತು ಅಂತ ಒಬ್ಬ ಹೇಳಿದ. ಹಾಗಾದರೆ ಊದಿದಾಗ ಇನ್ನೂ ಜಾಸ್ತಿ ಗಾಳಿ ಬಂತಲ್ಲ, ಚೆನ್ನಾಗಿ ಉರಿಯಬೇಕಿತ್ತಲ್ಲ ಅಂತ ಅವಳು ಕೆಣಕಿದಳು. ಕ್ಲಾಸು ಪೇಚಿಗೆ ಬಿತ್ತು. ಕೊನೆಗೆ ಆ ತರಲೆ ಹುಡುಗಿಯೇ ಕೈಯೆತ್ತಿ, “ಊದಿದ್ರೆ ಬಿಸಿ ಓಡೋಗುತ್ತೆ ಮಿಸ್, ಅದಕ್ಕೇ ಉರಿಯಲ್ಲ,” ಅಂದಳು. ನನ್ನ ಹುಡುಗಿ ಬೋರ್ಡಿಗೆ ತಿರುಗಿ ‘ಜ್ವಲನ ತಾಪ’ ಅಂತ ಬರೆದಳು. ಹೊತ್ತಿಕೊಳ್ಳಲು ಬೇಕಾದಷ್ಟು ಬಿಸಿ, ಪಾಠದ ಮುಖ್ಯ ಮಾತು ಅದು. ಮಕ್ಕಳೇ ಅಲ್ಲಿಗೆ ಬಂದಿದ್ದರು.

ಪರೀಕ್ಷಕರು ಬೆರಳೆತ್ತಲಿಲ್ಲ. ಹತ್ತು ನಿಮಿಷ ಯಾವಾಗಲೋ ಆಗಿತ್ತು. ಬೆಲ್ ಹೊಡೆಯುವವರೆಗೂ ಕೂತಿದ್ದರು.

ಅಂಕ ಹಾಕುವಾಗ ಪರೀಕ್ಷಕರೂ ನಾನೂ ಬೇರೆ ಬೇರೆ ಬರೆದು ಆಮೇಲೆ ತಾಳೆ ನೋಡಬೇಕು. ನನ್ನ ಒಂಬತ್ತನೇ ಕಲಂ ಖಾಲಿಯಿತ್ತು. ನನ್ನ ವಿದ್ಯಾರ್ಥಿ ಅಂತ ಜಾಸ್ತಿ ಹಾಕಿಬಿಡುವೆನೋ, ಹಳೇ ಚಾಳಿಗೆ ಕಡಿಮೆ ಹಾಕಿಬಿಡುವೆನೋ ಅನ್ನುವ ಅನುಮಾನ. ಅವರು ತಮ್ಮ ಹಾಳೆ ನನ್ನ ಕಡೆ ತಿರುಗಿಸಿದರು.

“ಉಚ್ಚಾರದಲ್ಲಿ ಒಂದು ತಪ್ಪು ಕಂಡಿತು ಮೇಡಂ. ಒಂದು ಅಂಕ ಕಳೆದಿದ್ದೇನೆ. ಆ ತಪ್ಪಿನಿಂದಲೇ ಪಾಠ ಕಟ್ಟಿದಳಲ್ಲ, ಅದಕ್ಕೆ ಪ್ರಶ್ನೆ ಕೇಳುವ ರೀತಿಗೆ ಪೂರ್ತಿ ಹತ್ತು. ನಾನು ಹತ್ತು ಹಾಕಿ ಬಹಳ ಕಾಲವಾಯಿತು. ಆ ಬತ್ತಿಯ ಉಪಾಯ ಪುಸ್ತಕದಲ್ಲಿಲ್ಲ. ಯಾರು ಹೇಳಿಕೊಟ್ಟರು ಇವಳಿಗೆ?”

“ಇಬ್ಬರೂ ಸೇರಿ ಕಲಿತದ್ದು ಸಾರ್,” ಅಂದೆ. ನನ್ನ ಹಾಳೆಯಲ್ಲೂ ಒಂಬತ್ತು ಬರೆದೆ.

ಹೊರಗೆ ನಲ್ಲಿಯ ಹತ್ತಿರ ಅವಳು ಲೋಟ ತೊಳೆಯುತ್ತಿದ್ದಳು. ನನ್ನನ್ನು ಕಂಡು ಅರ್ಧ ತೊಳೆದ ಲೋಟ ಹಿಡಿದುಕೊಂಡೇ ಓಡಿ ಬಂದಳು. ಅಂಕ ಹೇಳುವ ಹಾಗಿಲ್ಲ. ಅವಳಿಗೂ ಗೊತ್ತಿತ್ತು. ಆದರೂ ಕಣ್ಣು ತುಂಬಿದ್ದವು.

“ಮೇಡಂ, ಅದೇ ಮಾತು ಮತ್ತೆ ತಪ್ಪೋಯ್ತು. ಹೇಗಾಯ್ತು ಮೇಡಂ?”

ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಆ ಒದ್ದೆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು, “ಎದ್ರುಬ್ಯಾಡ ಬುಡು. ಓಗು, ಊಟ ಮಾಡು,” ಅಂದೆ.

ಅವಳು ಹೋಗಲಿಲ್ಲ. ನನ್ನನ್ನೇ ನೋಡಿದಳು. ಮುಖದ ಮೇಲೆ ಮೆಲ್ಲಗೆ ನಗು ಹರಡಿತು.

“ಹಕಾರ ಲೋಪ ಮೇಡಂ,” ಅಂದಳು. “ಎರಡು ಕಡೆ.”

ಎದುರಿಗೆ ಬತ್ತಿ ಇದ್ದಿದ್ದರೆ ಅವಳ ಆ ‘ಹ’ಕ್ಕೆ ಆರಿಯೇಹೋಗುತ್ತಿತ್ತು.